ಕ್ಯಾಮೆರಾ ಯಾರ ಮನೆ ಹೊಕ್ಕಿತು?



ಬೆಲೆ, ಸಾಲ, ಜಪ್ತಿ, ತೂಕದ ಮೋಸ ಬರೆಯಬೇಕಾದ ಪುಟದಲ್ಲಿ ಈ ಮನುಷ್ಯ ಸಿನಿಮಾದ ಮಾತು ಯಾಕೆ ತೆಗೆದ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಸಿನಿಮಾ ಅಂದರೆ ಕೆಲಸವಿಲ್ಲದವರ ಬಾಬತ್ತು ಅಂತ ನಾನೂ ತಿಳಿದಿದ್ದವನೇ. ಆದರೆ ಹೋದ ಸುಗ್ಗಿಯಲ್ಲಿ ನಮ್ಮ ಮನೆಯ ಮೆಕ್ಕೆಜೋಳದ ದುಡ್ಡು 1 ಲಕ್ಷ 85 ಸಾವಿರ ರೂಪಾಯಿ ಹೋಯಿತು. ಮಳೆ ಒಯ್ಯಲಿಲ್ಲ, ಸೈನಿಕ ಹುಳು ತಿನ್ನಲಿಲ್ಲ, ದಲ್ಲಾಳಿ ನುಂಗಲಿಲ್ಲ. ಮಾಲು ತೂಗಿ, ಹಮಾಲಿ ಕಳೆದು, ದುಡ್ಡು ಬ್ಯಾಂಕಿನ ಖಾತೆಗೆ ಬಂದು ಬಿದ್ದ ಮೇಲೆ ಹೋಯಿತು. ನನ್ನ ತಮ್ಮನ ಮಗ, ಡಿಪ್ಲೊಮಾ ಓದಿದ ಇಪ್ಪತ್ತಾರರ ಹುಡುಗ, ಮೊಬೈಲಿನಲ್ಲಿ ಷೇರು ಪೇಟೆಯ 'ಆಪ್ಷನ್' ಆಡಿ ಕಳೆದ. ಅದರ ಜೊತೆಗೆ ಅವನ ತಾಯಿಯ ಎರಡು ಬಳೆ ಗಿರವಿ ಹೋಗಿ ಕೂತಿವೆ.

ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ಅವನನ್ನು ಕೇಳಿದೆವು. "ಯಾರಪ್ಪಾ ಈ ವಿದ್ಯೆ ನಿನಗೆ ಕಲಿಸಿದೋರು?" ಹುಡುಗ ತಲೆ ತಗ್ಗಿಸಿ, "ಯಾರೂ ಇಲ್ಲ ದೊಡ್ಡಪ್ಪ, ಹರ್ಷದ್ ಮೆಹ್ತಾ ಸೀರೀಸ್ ನೋಡಿದೆ" ಅಂದ.

ನನಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ಹರ್ಷದ್ ಮೆಹ್ತಾ ಸಿಕ್ಕಿಬಿದ್ದವನು. ಆ ಕಥೆ ತೆಗೆದವರು ಅವನು ಮಾಡಿದ್ದು ವಂಚನೆ ಅಂತಲೇ ತೆಗೆದದ್ದು. ಕಳ್ಳನ ಕಥೆ ಕೇಳಿದವನು ಮನೆಗೆ ಬಂದು ಬಾಗಿಲಿಗೆ ಬೀಗ ಹಾಕಬೇಕೋ, ಕಳ್ಳನ ಹಿಂದೆ ಗೋಣಿಚೀಲ ಹಿಡಿದು ಹೊರಡಬೇಕೋ? ಈ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಬೈದು ಪ್ರಯೋಜನವಿಲ್ಲ ಅಂತ ತೀರ್ಮಾನಿಸಿ, "ನೀನು ನೋಡಿದ್ದನ್ನೆಲ್ಲ ನನಗೂ ತೋರಿಸು" ಅಂದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ, ದನಕ್ಕೆ ಮೇವು ಹಾಕಿ ಊಟ ಮುಗಿಸಿದ ಮೇಲೆ, ಅವನು ಇಂಗ್ಲಿಷು ಓದಿ ಕನ್ನಡದಲ್ಲಿ ಹೇಳೋದು, ನಾನು ಕೇಳೋದು. ದುಡ್ಡಿನವರ ಮೇಲೆ, ಕಂಪನಿಗಳ ದುರಾಸೆಯ ಮೇಲೆ ತೆಗೆದ ಏಳೆಂಟು ಚಿತ್ರ ಹೀಗೆ ನೋಡಿದೆ. ನೋಡಿ ನನಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಊರಿನ ಹೈಸ್ಕೂಲು ದಾಟಿದವನಲ್ಲ. ಸಿನಿಮಾ ವಿಮರ್ಶೆ ನನಗೆ ಬರೋದಿಲ್ಲ.

ಮೊದಲು ಹಳೇ ಮಾತು. ನಾನು ಚಿಕ್ಕವನಿದ್ದಾಗ ಸಂತೆ ಮೈದಾನದಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ಮರಳಿನ ಮೇಲೆ ಕೂತು 'ಭೂತಯ್ಯನ ಮಗ ಅಯ್ಯು' ನೋಡಿದ್ದು ನಿಮ್ಮಲ್ಲೂ ಬಹಳ ಜನಕ್ಕೆ ನೆನಪಿರಬೇಕು. 1974ರ ಚಿತ್ರ, ಗೊರೂರರ ಕಥೆ, ಸಿದ್ದಲಿಂಗಯ್ಯನವರು ತೆಗೆದದ್ದು. ಎಂ.ಪಿ. ಶಂಕರ್ ಭೂತಯ್ಯನಾಗಿ ಪರದೆ ಮೇಲೆ ಬಂದರೆ ನಮ್ಮಪ್ಪ ಕೂತಲ್ಲೇ ಹಲ್ಲು ಕಡಿಯುತ್ತಿದ್ದ. ಯಾಕೆಂದರೆ ಅಂಥ ಒಬ್ಬ ಭೂತಯ್ಯ ನಮ್ಮೂರಲ್ಲೂ ಇದ್ದ, ಅವನ ಲೆಕ್ಕದ ಪುಸ್ತಕದಲ್ಲಿ ನಮ್ಮಪ್ಪನ ಹೆಬ್ಬೆಟ್ಟೂ ಇತ್ತು. 1957ರ 'ಮದರ್ ಇಂಡಿಯಾ' ನೋಡಿದವರಿಗೆ ಸುಖೀಲಾಲನ ಮುಖ ಮರೆತಿರಲಾರದು. ಅಂದಿನ ಆ ಚಿತ್ರಗಳಲ್ಲಿ ಸಾಲ ಕೊಟ್ಟವನ ಮನೆ ಒಂದು ಕಡೆ, ಸಾಲ ತಂದವನ ಮನೆ ಇನ್ನೊಂದು ಕಡೆ. ಎರಡೂ ಮನೆಯ ಒಲೆ ಕಾಣುತ್ತಿತ್ತು. ಒಂದರಲ್ಲಿ ಬೆಂಕಿ ಇದೆ, ಇನ್ನೊಂದರಲ್ಲಿ ಇಲ್ಲ. ಯಾರ ಹೊಟ್ಟೆ ಉರಿದು ಯಾರ ಪೆಟ್ಟಿಗೆ ತುಂಬಿತು ಅಂತ ಹೇಳೋಕೆ ಮಾತೇ ಬೇಕಿರಲಿಲ್ಲ.

ಈಗ ನಮ್ಮ ಹುಡುಗ ನೋಡಿದ ಸೀರೀಸಿಗೆ ಬನ್ನಿ. ಹೆಸರು 'ಸ್ಕ್ಯಾಮ್ 1992'. 2020ರಲ್ಲಿ ಬಂತು, ಹನ್ಸಲ್ ಮೆಹ್ತಾ ನಿರ್ದೇಶನ, ಹತ್ತು ಕಂತು. ಪತ್ರಕರ್ತರಾದ ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು ಬರೆದ ಪುಸ್ತಕದ ಮೇಲೆ ಕಟ್ಟಿದ್ದು. ಆ ಹಗರಣವನ್ನು 1992ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಹೊರಗೆ ಹಾಕಿದ್ದೇ ಆ ಹೆಣ್ಣುಮಗಳು.

ಅದರ ಒಳಗುಟ್ಟು ಏನು ಅಂತ ನನಗೂ ಆಗಲೇ ತಿಳಿದದ್ದು. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ನೀವು ಉಗ್ರಾಣದಲ್ಲಿ ನೂರು ಚೀಲ ಜೋಳ ಇಟ್ಟರೆ ಒಂದು ರಸೀದಿ ಕೊಡುತ್ತಾರೆ. ಆ ರಸೀದಿ ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ. ಚೀಲವೇ ಇಡದೆ ರಸೀದಿ ಬರೆಸಿಕೊಂಡರೆ? ಅದೇ ಕೆಲಸ. ಬ್ಯಾಂಕುಗಳು ತಮ್ಮ ತಮ್ಮಲ್ಲಿ ಸರ್ಕಾರಿ ಸಾಲಪತ್ರಗಳನ್ನು ಹದಿನೈದು ದಿನಕ್ಕೆ ಇಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದವು. ಪತ್ರ ಕೈ ಬದಲಾಯಿಸುವ ಬದಲು 'ಬ್ಯಾಂಕ್ ರಸೀದಿ' ಕೈ ಬದಲಾಯಿಸುತ್ತಿತ್ತು. ನಡುವೆ ನಿಂತ ದಲ್ಲಾಳಿ ಹರ್ಷದ್. ಹಿಂದೆ ಪತ್ರವೇ ಇಲ್ಲದ ರಸೀದಿಗಳನ್ನು ಸಣ್ಣ ಬ್ಯಾಂಕುಗಳಿಂದ ಬರೆಸಿ, ದೊಡ್ಡ ಬ್ಯಾಂಕಿನ ದುಡ್ಡು ತನ್ನ ಖಾತೆಗೆ ತಿರುಗಿಸಿ, ಷೇರು ಪೇಟೆಗೆ ಸುರಿದ. ಎಸಿಸಿ ಸಿಮೆಂಟಿನ ಒಂದು ಷೇರು 200 ರೂಪಾಯಿ ಆಸುಪಾಸಿನಿಂದ 9,000 ರೂಪಾಯಿವರೆಗೆ ಹತ್ತಿತು. ಸಿಮೆಂಟು ಅದೇ ಸಿಮೆಂಟು. ಕೊನೆಗೆ ರಿಸರ್ವ್ ಬ್ಯಾಂಕಿನ ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದಾಗ 4,000 ಕೋಟಿ ರೂಪಾಯಿಗೂ ಮೀರಿದ ದುಡ್ಡಿಗೆ ಆಧಾರವೇ ಸಿಗಲಿಲ್ಲ. ಬೆಂಗಳೂರಿನ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ಹೆಸರೂ ಆ ಹಗರಣದಲ್ಲಿ ಬಂತು.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಅದಕ್ಕೆ ಎರಡೇ ವರ್ಷ ಹಿಂದೆ, 1990ರಲ್ಲಿ, ವಿ.ಪಿ. ಸಿಂಗ್ ಸರ್ಕಾರ ರೈತರಿಗೆ 10,000 ರೂಪಾಯಿವರೆಗೆ ಸಾಲ ಪರಿಹಾರ ಕೊಟ್ಟಿತ್ತು. ಬ್ಯಾಂಕುಗಳು ಮುಳುಗುತ್ತವೆ, ರೈತನಿಗೆ ಸಾಲ ತೀರಿಸುವ ಬುದ್ಧಿಯೇ ಹೋಗುತ್ತದೆ ಅಂತ ಆಗ ಎದೆ ಬಡಿದುಕೊಂಡವರು ಎಷ್ಟು ಜನ! ಚೀಲವಿಲ್ಲದ ರಸೀದಿಗೆ ಕೋಟಿಗಟ್ಟಲೆ ಕೊಟ್ಟಾಗ ಬುದ್ಧಿ ಎಲ್ಲಿ ಹೋಗಿತ್ತು ಅಂತ ಅವರನ್ನು ಯಾರೂ ಕೇಳಲಿಲ್ಲ.

ಇರಲಿ. ಸೀರೀಸು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಎರಡು ರಾತ್ರಿ ನಾನೇ ಕೋಳಿ ಕೂಗೋ ತನಕ ನೋಡಿದ್ದೇನೆ. ಆದರೆ ಹತ್ತು ಕಂತು ನಾವು ಇರೋದು ಯಾರ ಮನೆಯಲ್ಲಿ? ಹರ್ಷದನ ಮನೆಯಲ್ಲಿ. ಅವನ ಬಡತನ, ಅವನ ತಾಯಿ, ಅವನ ತಮ್ಮ, ಅವನ ಹೆಂಡತಿಯ ಕಣ್ಣೀರು. ಹತ್ತು ತಾಸು ಒಂದು ಮನೆಯಲ್ಲಿ ಇದ್ದರೆ ನಾವು ಆ ಮನೆಯವರೇ ಆಗಿಬಿಡುತ್ತೇವೆ. ಪೊಲೀಸರು ಬಂದಾಗ "ಅಯ್ಯೋ, ಸಿಕ್ಕಿಬಿದ್ದನಲ್ಲ" ಅನ್ನಿಸುತ್ತೆ. ಅವನು 2001ರ ಡಿಸೆಂಬರ್ 31ರಂದು ಬಂಧನದಲ್ಲಿದ್ದಾಗಲೇ ಸತ್ತ. ಆ ಸಾವು ನಮ್ಮ ಹುಡುಗನ ನೆನಪಿನಲ್ಲಿ ನಿಲ್ಲಲಿಲ್ಲ. ನಿಂತದ್ದು ಆ ಹಿನ್ನೆಲೆ ಸಂಗೀತ. ಅದನ್ನೇ ಮೊಬೈಲಿನ ಗಂಟೆ ಮಾಡಿಕೊಂಡಿದ್ದ. ಗೊಬ್ಬರದಂಗಡಿಯವನು ಬಾಕಿ ಕೇಳೋಕೆ ಫೋನು ಮಾಡಿದರೂ ಅದೇ ಸಂಗೀತ.

ಇದು ನಮ್ಮ ಹುಡುಗನ ಒಬ್ಬನ ದಡ್ಡತನ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. 1987ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ 'ವಾಲ್ ಸ್ಟ್ರೀಟ್' ಅಂತ ಚಿತ್ರ ಬಂತು, ಆಲಿವರ್ ಸ್ಟೋನ್ ತೆಗೆದದ್ದು. ಎರಡು ತಿಂಗಳ ಹಿಂದಷ್ಟೇ, ಅಕ್ಟೋಬರ್ 19ಕ್ಕೆ, ಅಲ್ಲಿಯ ಷೇರು ಪೇಟೆ ಒಂದೇ ದಿನದಲ್ಲಿ ಕುಸಿದು ಬಿದ್ದಿತ್ತು. ಸ್ಟೋನ್‌ನ ತಂದೆಯೇ ಷೇರು ದಲ್ಲಾಳಿ. ಮಗನಿಗೆ ಆ ಲೋಕ ಗೊತ್ತಿತ್ತು, ಅದನ್ನು ಬೈಯಬೇಕು ಅಂತಲೇ ತೆಗೆದ. ಕಂಪನಿಗಳನ್ನು ಕೊಂಡು ತುಂಡು ತುಂಡು ಮಾಡಿ ಮಾರುವ ಗೆಕ್ಕೋ ಎಂಬ ಖಳನ ಪಾತ್ರಕ್ಕೆ ಮೈಕೆಲ್ ಡಗ್ಲಾಸ್‌ಗೆ ಆಸ್ಕರ್ ಬಂತು. ಆಮೇಲೆ ಏನಾಯ್ತು ಅಂತೀರಿ? ಷೇರು ಪೇಟೆಯ ಹುಡುಗರು ಬಂದು "ನಿಮ್ಮ ಗೆಕ್ಕೋನನ್ನು ನೋಡಿಯೇ ನಾವು ಈ ಕಸುಬಿಗೆ ಬಂದೆವು" ಅಂತ ಕೈ ಕುಲುಕುತ್ತಾರೆ ಎಂದು ಆ ನಟನೇ ಹೇಳಿಕೊಂಡಿದ್ದಾನೆ. ಖಳನ ಅಂಗಿ, ಖಳನ ತಲೆ ಬಾಚುವ ರೀತಿ, ಎಲ್ಲ ಕಲಿತರು. ಅದೇ ಚಿತ್ರದಲ್ಲಿ ವಿಮಾನ ಕಂಪನಿಯ ಮೆಕ್ಯಾನಿಕ್ ಒಬ್ಬ ಇದ್ದಾನೆ, ನಾಯಕನ ತಂದೆ, ಕಾರ್ಮಿಕ ಸಂಘದ ಮನುಷ್ಯ. ಅವನು ಪರದೆ ಮೇಲಿರುವಷ್ಟು ಹೊತ್ತು ಚಿತ್ರ ನೆಟ್ಟಗಿದೆ. ಆದರೆ ಅವನ ಹಾಗೆ ಆಗಬೇಕು ಅಂತ ಯಾವ ಹುಡುಗನೂ ಎದ್ದು ಹೊರಡಲಿಲ್ಲ.

ಇನ್ನೊಂದು, 2013ರ 'ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್', ಸ್ಕಾರ್ಸೆಸೆ ತೆಗೆದದ್ದು. ಮನೆಯ ಹೆಣ್ಣುಮಕ್ಕಳ ಎದುರಿಗೆ ನೋಡುವಂಥದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ. ಜೋರ್ಡನ್ ಬೆಲ್ಫೋರ್ಟ್ ಎಂಬ ನಿಜವಾದ ವಂಚಕನ ಕಥೆ. ಬೆಲೆಯಿಲ್ಲದ ಷೇರುಗಳನ್ನು ಫೋನಿನಲ್ಲಿ ಮಾತಾಡಿ ಜನರ ತಲೆಗೆ ಕಟ್ಟಿದವನು. ಅವನು ಮೊದಲ ಸಲ ಅಂಥ ಷೇರು ಮಾರುವ ದೃಶ್ಯ ನೋಡಿ. ಸುತ್ತ ನಿಂತವರೆಲ್ಲ ಬೆರಗಾಗಿ ನೋಡುತ್ತಾರೆ. ಕೊಳ್ಳುವವನ ದನಿ ಮಾತ್ರ ಫೋನಿನಲ್ಲಿ ಕೇಳುತ್ತದೆ. ಆ ಮನುಷ್ಯ ಯಾರು, ಆ ದುಡ್ಡು ಅವನ ಮಗಳ ಮದುವೆಗೆ ಇಟ್ಟದ್ದೋ, ಹೆಂಡತಿಯ ಆಸ್ಪತ್ರೆಗೆ ಇಟ್ಟದ್ದೋ, ಒಂದೂ ಗೊತ್ತಾಗೋದಿಲ್ಲ. ನಾನೂ ಅಲ್ಲಿ ನಕ್ಕೆ ಕಣ್ರೀ. ನಕ್ಕಾದ ಮೇಲೆ ನಮ್ಮ ತಮ್ಮನ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದು ಕಂಡಿತು. ಬಾಯಿ ಮುಚ್ಚಿಕೊಂಡೆ.

ಆ ಬೆಲ್ಫೋರ್ಟ್ ಜೈಲಿನಲ್ಲಿ ಇದ್ದದ್ದು 22 ತಿಂಗಳು. ಹೊರಗೆ ಬಂದು ವ್ಯಾಪಾರ ಮಾಡೋದು ಹೇಗೆ ಅಂತ ಜನಕ್ಕೆ ಪಾಠ ಹೇಳುವ ಭಾಷಣಕಾರನಾದ. ಚಿತ್ರದ ಕೊನೆಯಲ್ಲಿ ಆ ಅಸಲಿ ಮನುಷ್ಯನೇ ವೇದಿಕೆ ಮೇಲೆ ಬಂದು ನಟನನ್ನು ಜನಕ್ಕೆ ಪರಿಚಯ ಮಾಡಿಸುತ್ತಾನೆ. ಇನ್ನೂ ಕೇಳಿ. ಈ ಚಿತ್ರಕ್ಕೆ ದುಡ್ಡು ಹಾಕಿದ ರೆಡ್ ಗ್ರಾನೈಟ್ ಕಂಪನಿಯ ಮೇಲೆ ಅಮೆರಿಕ ಸರ್ಕಾರವೇ ದಾವೆ ಹೂಡಿತು. ಮಲೇಶಿಯಾ ಸರ್ಕಾರದ 'ಒನ್ ಎಂಡಿಬಿ' ಎಂಬ ನಿಧಿಯಿಂದ, ಅಂದರೆ ಅಲ್ಲಿಯ ಬಡ ಪ್ರಜೆಗಳ ನಿಧಿಯಿಂದ ಕದ್ದ ದುಡ್ಡು ಈ ಚಿತ್ರಕ್ಕೆ ಬಂದಿದೆ ಅಂತ ಆಪಾದನೆ. ತಪ್ಪು ಒಪ್ಪಿಕೊಳ್ಳದೆಯೇ ಆ ಕಂಪನಿ 2018ರಲ್ಲಿ 6 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ದುರಾಸೆಯನ್ನು ಬಯ್ಯುವ ಚಿತ್ರದ ಬಂಡವಾಳದ ಕಥೆ ಇದು.

ನಿರ್ದೇಶಕರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಟೀಕೆಯೇ. ನನ್ನ ತಕರಾರು ಒಂದೇ: ಕ್ಯಾಮೆರಾ ಯಾರ ಮನೆ ಹೊಕ್ಕಿತು? ಗೆದ್ದವನ ಬಂಗಲೆ, ಗೆದ್ದವನ ಕಾರು, ಗೆದ್ದವನ ಊಟದ ಮೇಜು. ಮೂರು ತಾಸು ಅದನ್ನೇ ತೋರಿಸಿ ಕೊನೆಯ ಹತ್ತು ನಿಮಿಷ ಬೇಡಿ ತೊಡಿಸಿದರೆ, ನೋಡಿದ ಹುಡುಗ ಆ ಕಾರನ್ನು ಮನೆಗೆ ತರುತ್ತಾನೆ, ಬೇಡಿಯನ್ನು ಥಿಯೇಟರಿನಲ್ಲೇ ಬಿಟ್ಟು ಬರುತ್ತಾನೆ.

ನಮ್ಮ ಹುಡುಗ ಆಡಿದ ಆಟದಲ್ಲಿ ಸೋತವರ ಲೆಕ್ಕ ಗೊತ್ತೇ? ಈ ಆಪ್ಷನ್ ಎನ್ನುವುದು ಕಷ್ಟದ ವಿದ್ಯೆ ಏನಲ್ಲ. ಏರುತ್ತೆ ಅಂತ ಒಂದು ಚೀಟಿ, ಇಳಿಯುತ್ತೆ ಅಂತ ಒಂದು ಚೀಟಿ. ಗಡುವಿನ ದಿನಕ್ಕೆ ಹೇಳಿದ್ದು ಆಗದಿದ್ದರೆ ಚೀಟಿ ಕಸ. ನಮ್ಮ ಕಾಲದಲ್ಲಿ ಇದಕ್ಕೆ ಓಸಿ, ಮಟ್ಕಾ ಅನ್ನುತ್ತಿದ್ದರು, ಬರೆಯುವವನನ್ನು ಪೊಲೀಸರು ಎಳೆದುಕೊಂಡು ಹೋಗುತ್ತಿದ್ದರು. ಷೇರು ಪೇಟೆಯನ್ನು ಕಾಯುವ ಸೆಬಿ ಸಂಸ್ಥೆಯೇ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಹೊರಗೆ ಹಾಕಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಇಂಥ ವ್ಯವಹಾರ ಮಾಡಿದ 1 ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ಕಳೆದದ್ದು 1 ಲಕ್ಷ 80 ಸಾವಿರ ಕೋಟಿಗೂ ಮಿಗಿಲು. ಅಲ್ಲಿ ಆಡುವವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ಮೂವತ್ತು ದೊಡ್ಡ ನಗರಗಳ ಹೊರಗಿನವರು, ಅಂದರೆ ನಮ್ಮಂಥ ಊರುಕೇರಿಯ ಹುಡುಗರು. ಗೆದ್ದವರು ಯಾರು? ದೊಡ್ಡ ದಲ್ಲಾಳಿ ಸಂಸ್ಥೆಗಳು, ವಿದೇಶಿ ಕಂಪನಿಗಳು. ಅವರ ಪರವಾಗಿ ಆಡೋದು ಕಂಪ್ಯೂಟರಿನ ಲೆಕ್ಕಾಚಾರ. ಹೊಲದಲ್ಲಿ ಬದುವಿನ ಮೇಲೆ ಕೂತು ಮೊಬೈಲ್ ಒತ್ತುವ ಹುಡುಗ ಒಂದು ಕಡೆ, ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಲ ಕೊಂಡು ಮಾರುವ ಯಂತ್ರ ಒಂದು ಕಡೆ.

ಇದರಲ್ಲಿ ನನ್ನ ತಪ್ಪೂ ಇದೆ. ಮೊದಲ ತಿಂಗಳು ಅವನು 11 ಸಾವಿರ ಗೆದ್ದು ಬೆಣ್ಣೆದೋಸೆ, ಮೈಸೂರುಪಾಕು ತಂದಿದ್ದ. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ತಿಂದೆ.

ಚೆನ್ನಾದ ಚಿತ್ರಗಳೂ ಇವೆ. 2015ರ 'ದಿ ಬಿಗ್ ಶಾರ್ಟ್' ನಮ್ಮಂಥ ಸಾಲಗಾರರು ನೋಡಬೇಕಾದದ್ದು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಯಾಕೆ ಬಿದ್ದವು ಅಂತ ಅದರಲ್ಲಿದೆ. ನಮ್ಮೂರ ಸಾಹುಕಾರ ಎಷ್ಟೇ ಕ್ರೂರಿಯಾಗಿರಲಿ, ಸಾಲ ಕೊಡುವಾಗ ನಮ್ಮ ಹೊಲ ನೋಡುತ್ತಿದ್ದ, ಎತ್ತು ನೋಡುತ್ತಿದ್ದ. ಯಾಕೆಂದರೆ ವಾಪಸು ಬರಬೇಕಾದದ್ದು ಅವನ ದುಡ್ಡು. ಅಮೆರಿಕದಲ್ಲಿ ಮನೆ ಸಾಲ ಕೊಟ್ಟವನು ಆ ಸಾಲವನ್ನೇ ಮರುದಿನ ಇನ್ನೊಬ್ಬನಿಗೆ ಮಾರುತ್ತಿದ್ದ. ಅವನು ಸಾವಿರ ಸಾಲ ಸೇರಿಸಿ ಪಿಂಡಿ ಕಟ್ಟಿ ಮೂರನೆಯವನಿಗೆ ಮಾರುತ್ತಿದ್ದ. ಜೊಳ್ಳು ಜೋಳವನ್ನು ಒಳ್ಳೆ ಜೋಳದ ಜೊತೆ ಬೆರೆಸಿ ಚೀಲದ ಮೇಲೆ 'ಒಂದನೇ ದರ್ಜೆ' ಅಂತ ಮುದ್ರೆ ಒತ್ತಿದ ಹಾಗೆ. ಸಾಲ ತೀರಿದರೇನು, ಮುಳುಗಿದರೇನು, ಮೊದಲು ಕೊಟ್ಟವನಿಗೆ ತನ್ನ ಕಮಿಷನ್ ಬಂದಾಗಿದೆ. ಚಿತ್ರದಲ್ಲಿ ಒಂದು ಮನೆಯ ಸಾಲ ಮಾಲೀಕನ ನಾಯಿಯ ಹೆಸರಿನಲ್ಲಿದೆ! ಆ ಮನೆಯಲ್ಲಿ ಬಾಡಿಗೆಗೆ ಇದ್ದವನು ಪ್ರತಿ ತಿಂಗಳೂ ಬಾಡಿಗೆ ಕಟ್ಟಿದ್ದಾನೆ, ಮಾಲೀಕ ಕಂತು ಕಟ್ಟಿಲ್ಲ. ಕೊನೆಗೆ ಆ ಬಾಡಿಗೆಯವನು ಹೆಂಡತಿ ಮಕ್ಕಳ ಜೊತೆ ಗಾಡಿಯಲ್ಲೇ ಸಂಸಾರ ಮಾಡುವುದು ಒಂದು ಗಳಿಗೆ ಕಾಣುತ್ತದೆ. ಒಂದೇ ಗಳಿಗೆ, ಆದರೂ ಕಾಣುತ್ತದೆ. ಪೇಟೆ ಬೀಳುತ್ತೆ ಅಂತ ಪಣ ಕಟ್ಟಿದ ಇಬ್ಬರು ಹುಡುಗರು ಲಾಭದ ಕನಸಿನಲ್ಲಿ ಕುಣಿಯುವಾಗ, ಜೊತೆಗಿದ್ದ ಹಿರಿಯ ಗದರುತ್ತಾನೆ. ನೀವು ಗೆದ್ದರೆ ಎಷ್ಟು ಜನ ಮನೆ ಮಠ ಕಳೆದುಕೊಳ್ಳುತ್ತಾರೆ ಗೊತ್ತಾ ಅನ್ನುವ ಅರ್ಥದಲ್ಲಿ. ಆ ದೃಶ್ಯ ಬಂದಾಗ ನಮ್ಮ ಹುಡುಗ ಕನ್ನಡ ಹೇಳುವುದನ್ನು ನಿಲ್ಲಿಸಿಬಿಟ್ಟ. ನಾನೂ ಕೇಳಲಿಲ್ಲ.

ಅದೇ ಕುಸಿತದ ಮೇಲೆ ಚಾರ್ಲ್ಸ್ ಫರ್ಗ್ಯೂಸನ್ ತೆಗೆದ 'ಇನ್‌ಸೈಡ್ ಜಾಬ್' ಎಂಬ ಸಾಕ್ಷ್ಯಚಿತ್ರ 2010ರದ್ದು. ಕಥೆಯಿಲ್ಲ, ನಟರಿಲ್ಲ, ನಿಜವಾದ ಜನರನ್ನೇ ಕೂರಿಸಿ ಪ್ರಶ್ನೆ ಕೇಳಿದ್ದಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಪ್ರೊಫೆಸರುಗಳ ಭಾಗ. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ಹಣಕಾಸು ಭದ್ರವಾಗಿದೆ ಅಂತ 2006ರಲ್ಲಿ ವರದಿ ಬರೆದವರಲ್ಲಿ ಒಬ್ಬ ಫ್ರೆಡರಿಕ್ ಮಿಷ್ಕಿನ್, ದೊಡ್ಡ ವಿದ್ವಾಂಸ. ಅದಕ್ಕೆ ಅಲ್ಲಿಯ ವ್ಯಾಪಾರಿಗಳ ಸಂಘ ಅವನಿಗೆ ಕೊಟ್ಟದ್ದು 1,24,000 ಡಾಲರ್. ಎರಡು ವರ್ಷಕ್ಕೆ ಆ ದೇಶದ ಮೂರು ದೊಡ್ಡ ಬ್ಯಾಂಕುಗಳೂ ಮಕಾಡೆ ಮಲಗಿದವು. ರೈತನಿಗೆ ಬೆಂಬಲ ಬೆಲೆ ಕೊಟ್ಟರೆ ದೇಶ ದಿವಾಳಿ ಅಂತ ಪೇಪರಿನಲ್ಲಿ ಯಾರಾದರೂ ತಜ್ಞರು ಬರೆದಾಗ, ಇದನ್ನು ಬರೆಯೋಕೆ ನಿಮಗೆ ಕೂಲಿ ಎಷ್ಟು ಅಂತ ಕೇಳುವ ಅಭ್ಯಾಸ ನಮಗೂ ಇರಲಿ. ಆಸ್ಕರ್ ಕೊಟ್ಟಾಗ ಆ ಫರ್ಗ್ಯೂಸನ್ ವೇದಿಕೆ ಮೇಲೆಯೇ ಹೇಳಿದನಂತೆ, ಇಷ್ಟು ದೊಡ್ಡ ವಂಚನೆಯಾಗಿ ಮೂರು ವರ್ಷವಾದರೂ ಹಣಕಾಸಿನ ಒಬ್ಬ ದೊಡ್ಡ ಅಧಿಕಾರಿಯೂ ಜೈಲಿಗೆ ಹೋಗಿಲ್ಲ ಅಂತ.

ಇಷ್ಟೆಲ್ಲ ನೋಡಿದರೂ ಒಂದು ಕೊರತೆ ಉಳಿದೇ ಇತ್ತು. ಯಾವುದರಲ್ಲೂ ಬೆಳೆ ಬೆಳೆಯುವವನು ಇಲ್ಲ. 1983ರದ್ದು 'ಟ್ರೇಡಿಂಗ್ ಪ್ಲೇಸಸ್' ಅಂತ ಒಂದು ತಮಾಷೆ ಚಿತ್ರ. ಸರ್ಕಾರದ ಕಿತ್ತಳೆ ಬೆಳೆಯ ವರದಿಯನ್ನು ಮೊದಲೇ ಕದ್ದು ನೋಡಿ, ಕಿತ್ತಳೆ ರಸದ ಮುಂಗಡ ವ್ಯಾಪಾರದಲ್ಲಿ ಕೋಟಿ ಬಾಚುವ ಹುನ್ನಾರ ಅದರ ಕಥೆ. ಸರ್ಕಾರದ ಗುಟ್ಟು ಕದ್ದು ಅಂಥ ವ್ಯಾಪಾರ ಮಾಡಬಾರದು ಅಂತ ಅಮೆರಿಕದಲ್ಲಿ 2010ರಲ್ಲಿ ಕಾನೂನು ಬಂತು, ಅದಕ್ಕೆ ಆ ಚಿತ್ರದ ನಟ ಎಡ್ಡಿ ಮರ್ಫಿಯ ಹೆಸರನ್ನೇ ಜನ ಇಟ್ಟರು. ಎರಡು ತಾಸಿನ ಚಿತ್ರದಲ್ಲಿ ಕಿತ್ತಳೆ ಗಿಡಕ್ಕೆ ನೀರು ಹಾಯಿಸಿದವನು ಒಬ್ಬನೂ ಇಲ್ಲ!

ಅದೇ 2010ರ ಕಾನೂನಿನಲ್ಲಿ ಇನ್ನೊಂದು ಚೋದ್ಯವಿದೆ. 1955ರಲ್ಲಿ ಇಬ್ಬರು ವ್ಯಾಪಾರಿಗಳು ಶಿಕಾಗೋದ ಈರುಳ್ಳಿಯನ್ನೆಲ್ಲ ಕೈವಶ ಮಾಡಿಕೊಂಡು, ಬೆಲೆ ಬೀಳುತ್ತೆ ಅಂತ ತಾವೇ ಪಣ ಕಟ್ಟಿ, ಆಮೇಲೆ ಮಾಲನ್ನು ಪೇಟೆಗೆ ಸುರಿದರು. ಆಗಸ್ಟ್‌ನಲ್ಲಿ 50 ಪೌಂಡಿನ ಚೀಲಕ್ಕೆ 2 ಡಾಲರ್ 75 ಸೆಂಟ್ ಇದ್ದದ್ದು ಮುಂದಿನ ಮಾರ್ಚ್‌ಗೆ 10 ಸೆಂಟ್. ಈರುಳ್ಳಿಗಿಂತ ಖಾಲಿ ಚೀಲದ ಬೆಲೆ ಹೆಚ್ಚು. ಬೆಳೆದವರು ಬೊಬ್ಬೆ ಹಾಕಿದರು, 1958ರಲ್ಲಿ ಈರುಳ್ಳಿಯ ಮುಂಗಡ ವ್ಯಾಪಾರವನ್ನೇ ಕಾನೂನು ಮಾಡಿ ನಿಲ್ಲಿಸಿದರು. 52 ವರ್ಷ ಆ ಕಾನೂನಿನಲ್ಲಿ ಈರುಳ್ಳಿ ಒಂದೇ ಇತ್ತು. 2010ರಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಸರಕು ಬಂದು ಕೂತಿತು. ಯಾವುದು ಹೇಳಿ? ಸಿನಿಮಾ! ಚಿತ್ರ ಎಷ್ಟು ಗಳಿಸುತ್ತದೆ ಅನ್ನುವುದರ ಮೇಲೆ ಪಣ ಕಟ್ಟುವ ಪೇಟೆ ತೆರೆಯಲು ಕೆಲವರು ಹೊರಟಿದ್ದರು. ಹಾಲಿವುಡ್ಡಿನವರು ಒಟ್ಟಾಗಿ ನಿಂತು, ನಮ್ಮ ಚಿತ್ರದ ಮೇಲೆ ಜೂಜು ಬೇಡ, ಬೇಕೆಂದೇ ನಮ್ಮನ್ನು ಬೀಳಿಸುತ್ತಾರೆ ಅಂತ ವಾದಿಸಿದರು. ಕಾನೂನು ಆಗಿಹೋಯಿತು. ನೋಡಿ ಬಂಧುಗಳೇ, ತಮ್ಮ ಬೆಳೆಯ ಮೇಲೆ ಬೇರೆಯವರು ಪಣ ಕಟ್ಟಿದರೆ ಏನಾಗುತ್ತೆ ಅಂತ ಸಿನಿಮಾದವರಿಗೆ ಎಷ್ಟು ಚೆನ್ನಾಗಿ ಗೊತ್ತಿದೆ!

ಇಷ್ಟಾದ ಮೇಲೆ ಹುಡುಗನೇ ಹುಡುಕಿ ತೋರಿಸಿದ ಒಂದು ಚಿತ್ರದ ವಿಷಯ ಹೇಳಲೇಬೇಕು. 1909ರದ್ದು. ಮಾತಿಲ್ಲ, ಬಣ್ಣವಿಲ್ಲ, ಹದಿನಾಲ್ಕು ನಿಮಿಷ. 'ಎ ಕಾರ್ನರ್ ಇನ್ ವೀಟ್', ಡಿ.ಡಬ್ಲ್ಯು. ಗ್ರಿಫಿತ್ ಎಂಬಾತ ತೆಗೆದದ್ದು. ಶುರುವಿಗೇ ಹೊಲ. ಹೆಗಲಿಗೆ ಚೀಲ ಹಾಕಿಕೊಂಡ ರೈತ ಗೋಧಿ ಬೀಜ ಎರಚುತ್ತಾ ನಮ್ಮ ಕಡೆಗೇ ನಡೆದು ಬರುತ್ತಾನೆ, ಹಿಂದೆ ಕುದುರೆಗಳು. ಬಹಳ ನಿಧಾನ. ಬಿತ್ತನೆ ಗೊತ್ತಿರುವವನೇ ತೆಗೆದಿದ್ದಾನೆ ಅನ್ನಿಸಿತು ನನಗೆ. ಆಮೇಲೆ ಗೋಧಿ ದೊರೆಯ ಕಚೇರಿ. ಅವನು ಗೋಧಿಯನ್ನೆಲ್ಲ ಒಬ್ಬನೇ ಕೊಂಡು ಪೇಟೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಕೂಗಾಡುವ ದಲ್ಲಾಳಿಗಳು, ಮುಳುಗಿದ ಪ್ರತಿಸ್ಪರ್ಧಿಗಳು. ಅವನ ಮನೆಯಲ್ಲಿ ಔತಣ. ತಕ್ಷಣ ರೊಟ್ಟಿ ಅಂಗಡಿ. 5 ಸೆಂಟಿನ ರೊಟ್ಟಿಗೆ 10 ಸೆಂಟ್ ಅಂತ ಬೋರ್ಡು. ಮಗುವನ್ನು ಕಟ್ಟಿಕೊಂಡು ಬಂದ ಹೆಂಗಸು ದುಡ್ಡು ಸಾಲದೆ ಬರಿಗೈಯಲ್ಲಿ ಹೋಗುತ್ತಾಳೆ. ಔತಣದಲ್ಲಿ ಜನ ಓಡಾಡುತ್ತಾರೆ, ನಗುತ್ತಾರೆ. ರೊಟ್ಟಿಗೆ ಸಾಲು ನಿಂತ ಬಡವರು ಮಾತ್ರ ಚಿತ್ರಪಟದ ಹಾಗೆ ಅಲ್ಲಾಡದೆ ನಿಂತಿರುತ್ತಾರೆ.

ಕೊನೆಗೆ ಗೋಧಿ ದೊರೆ ತನ್ನ ಕಣಜ ತೋರಿಸಲು ನೆಂಟರಿಷ್ಟರನ್ನು ಕರೆದುಕೊಂಡು ಬರುತ್ತಾನೆ. ಪ್ರಪಂಚದ ಗೋಧಿ ಪೇಟೆಯೇ ಕೈಗೆ ಬಂತು ಅಂತ ಓಲೆ ಬರುತ್ತದೆ. ಹಿಗ್ಗಿನಲ್ಲಿ ಕಾಲು ಜಾರಿ ಕಣಜದೊಳಗೆ ಬೀಳುತ್ತಾನೆ. ಮೇಲಿನಿಂದ ಗೋಧಿ ಸುರಿಯುತ್ತಲೇ ಇರುತ್ತದೆ. ಒಂದು ಕೈ ಕಾಣುತ್ತದೆ, ಆಮೇಲೆ ಅದೂ ಇಲ್ಲ. ನಮ್ಮ ಹಿರಿಯರು ಹಗೇವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುತ್ತಿದ್ದದ್ದು ನೆನಪಾಯಿತು. ಗ್ರಿಫಿತ್ ಅಲ್ಲಿಗೆ ನಿಲ್ಲಿಸಿದ್ದರೆ, ದುಷ್ಟನಿಗೆ ಶಿಕ್ಷೆಯಾಯಿತು ಅಂತ ನಾವು ಎದ್ದು ಮನೆಗೆ ಹೋಗಬಹುದಿತ್ತು. ನಿಲ್ಲಿಸಿಲ್ಲ. ಕೊನೆಯ ದೃಶ್ಯ ಮತ್ತೆ ಹೊಲ. ಈಗ ರೈತ ಒಬ್ಬನೇ. ಕುದುರೆಯಿಲ್ಲ. ಅದೇ ಚೀಲ, ಅದೇ ಕೈ, ಎರಚುತ್ತಾ ಬರುತ್ತಾನೆ, ಕತ್ತಲಾಗುತ್ತದೆ. ಗೋಧಿ ದೊರೆ ಸತ್ತದ್ದು ಅವನಿಗೆ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದದ್ದೂ ಏನಿಲ್ಲ.

ಈ ಕಥೆಗೆ ಮೂಲ ಅಮೆರಿಕದ ಲೇಖಕ ಫ್ರಾಂಕ್ ನಾರಿಸ್‌ನ ಬರವಣಿಗೆ. ಅವನು ಕಾದಂಬರಿ ಬರೆದದ್ದು 1897-98ರಲ್ಲಿ ಶಿಕಾಗೋದಲ್ಲಿ ನಡೆದ ನಿಜ ಸಂಗತಿಯ ಮೇಲೆ. ಜೋಸೆಫ್ ಲೈಟರ್ ಎಂಬ ಶ್ರೀಮಂತರ ಮನೆ ಹುಡುಗ ಗೋಧಿಯನ್ನೆಲ್ಲ ಕೊಂಡು ಕೂತ. ಆರ್ಮರ್ ಎಂಬ ಇನ್ನೊಬ್ಬ ದೊಡ್ಡ ವ್ಯಾಪಾರಿ ಚಳಿಗಾಲದಲ್ಲಿ ಸರೋವರದ ಹಿಮ ಒಡೆಸಿ ಹಡಗಿನಲ್ಲಿ ಗೋಧಿ ತರಿಸಿ ಸುರಿದ. ಕೊನೆಗೆ ಲೈಟರ್ ಮುಳುಗಿದ. ಆದರೆ ಕಣಜದಲ್ಲಿ ಬಿದ್ದು ಸಾಯಲಿಲ್ಲ ಸ್ವಾಮಿ. ಅವನಪ್ಪ ಸಾಲ ತೀರಿಸಿದ, ಮಗ ಆರಾಮಾಗಿ ಬದುಕಿದ. ಅವನ ತಂಗಿ ಮೇರಿ ಯಾರು ಗೊತ್ತೇ? 1899ರಲ್ಲಿ ನಮ್ಮ ದೇಶಕ್ಕೆ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್ನನ ಹೆಂಡತಿ. ಶಿಕಾಗೋದಲ್ಲಿ ಗೋಧಿ ಬಚ್ಚಿಟ್ಟವನ ತಂಗಿಯ ಗಂಡ ಮರುವರ್ಷವೇ ಬರಗಾಲ ಬಂದ ಹಿಂದೂಸ್ಥಾನವನ್ನು ಆಳುತ್ತಿದ್ದ.

ಕೊನೆಗೆ ನಾವು ನೋಡಿದ್ದು 'ಮಂಥನ್', 1976ರದ್ದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರ. ಶ್ಯಾಮ್ ಬೆನೆಗಲ್ ನಿರ್ದೇಶನ. ನಮ್ಮ ಗಿರೀಶ್ ಕಾರ್ನಾಡರು ಪಶುವೈದ್ಯ ಡಾಕ್ಟರ್ ರಾವ್, ಅನಂತನಾಗ್ ಅವರ ಸಹಾಯಕ. ಹಾಲಿನ ಖಾಸಗಿ ವ್ಯಾಪಾರಿ ಅಮರೀಶ್ ಪುರಿ. ಬಣ್ಣದ ಮಾತಾಡುವ, ನಗುನಗುತ್ತಾ ಕಡಿಮೆ ಬೆಲೆ ಹಾಕುವ ಮನುಷ್ಯ. ಹಾಲಿನಲ್ಲಿ ಎಷ್ಟು ಕೊಬ್ಬಿದೆ ಅಂತ ಪರೀಕ್ಷೆ ಮಾಡಿ ತೋರಿಸಿದಾಗ ಆ ಹೆಣ್ಣುಮಗಳು ಬಿಂದು ನೋಡುವ ನೋಟ ಇದೆಯಲ್ಲ, ಸ್ಮಿತಾ ಪಾಟೀಲ್ ಮಾಡಿದ್ದು, ಅದನ್ನು ನೋಡಿ. ಇಷ್ಟು ದಿನ ತನಗೆ ಬಂದ ಬೆಲೆ ಎಷ್ಟು, ಬರಬೇಕಾಗಿದ್ದದ್ದು ಎಷ್ಟು ಅಂತ ಆ ಒಂದು ನೋಟದಲ್ಲಿ ಲೆಕ್ಕ ಹಾಕುತ್ತಾಳೆ. ಚಿತ್ರ ಸಲೀಸಾಗಿ ಮುಗಿಯುವುದೂ ಇಲ್ಲ. ಡಾಕ್ಟರು ವರ್ಗವಾಗಿ ಹೋಗುತ್ತಾರೆ, ಊರಿನ ಜಗಳ ಊರಿನಲ್ಲೇ ಇರುತ್ತದೆ. ಅದು ಬಿಡುಗಡೆಯಾದಾಗ ದುಡ್ಡು ಹಾಕಿದ ರೈತರೇ ಲಾರಿಗಳಲ್ಲಿ ಬಂದು ನೋಡಿದರಂತೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಆ ಹಳೇ ಚಿತ್ರವನ್ನು ಸರಿಪಡಿಸಿ ಮತ್ತೆ ತೋರಿಸಿದರು.

ಈಗ ನಮ್ಮೂರಲ್ಲಿ ಒಂದು ಏರ್ಪಾಡು ಮಾಡಿದ್ದೇವೆ. ಹುಣ್ಣಿಮೆ ಕಳೆದ ಮೊದಲ ಶನಿವಾರ ರಾತ್ರಿ ಎಂಟಕ್ಕೆ, ಹಾಲಿನ ಡೇರಿ ಮುಂದಿನ ಬಯಲಲ್ಲಿ, ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಎರಡು ಚಿತ್ರ ತೋರಿಸುತ್ತೇವೆ. ಮೊದಲು ಗೋಧಿ ದೊರೆಯದು, ಆಮೇಲೆ 'ಮಂಥನ್'. ಯಂತ್ರ ನಡೆಸುವವನು ನನ್ನ ತಮ್ಮನ ಮಗನೇ. ಗೋಧಿ ದೊರೆಯ ಚಿತ್ರಕ್ಕೆ ಮಾತಿಲ್ಲವಾದ್ದರಿಂದ ನಡುವೆ ನಿಂತು ಏನಾದರೂ ಹೇಳಪ್ಪಾ ಅಂದೆ. "ಬಳೆ ಬಿಡಿಸಿ ತಂದ ಮೇಲೆ ಹೇಳ್ತೀನಿ ದೊಡ್ಡಪ್ಪ" ಅಂದ. ಅಕ್ಕಪಕ್ಕದ ಹಳ್ಳಿಯವರು ಬರುವುದಾದರೆ ಚಾಪೆ ತನ್ನಿ, ರಾತ್ರಿ ಇಬ್ಬನಿ ಬೀಳುತ್ತದೆ. ಹುಡುಗರನ್ನು ಕರೆದುಕೊಂಡೇ ಬನ್ನಿ.